ಕಾವಲಿಗೆ ನಿಂತವನ ಯೋಗ್ಯತೆ

ಇನ್ನೊಬ್ಬರ ಪ್ರಾಣಕ್ಕೆ ಕಾವಲು ನಿಲ್ಲಬೇಕಾದವನು ಎಷ್ಟು ಗಂಟೆ ಪಾಠ ಕೇಳಿರಬೇಕು? ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ಇಟಲಿ ದೇಶದ 2008ರ ಶಾಸನ ಇದಕ್ಕೆ ಖಚಿತವಾದ ಉತ್ತರವನ್ನೇ ಕೊಟ್ಟಿದೆ: 120 ಗಂಟೆ. ಕಟ್ಟಡದ ಕೆಲಸದಲ್ಲಿ ಸುರಕ್ಷತೆಯ ಸಂಯೋಜಕನಾಗಬೇಕೆನ್ನುವವನು ಅಲ್ಲಿ ಕಾಯಿದೆಯನ್ನು 28 ಗಂಟೆ, ತಾಂತ್ರಿಕ ವಿಷಯಗಳನ್ನು 52 ಗಂಟೆ, ಕೆಲಸದ ವಿಧಾನಗಳನ್ನು 16 ಗಂಟೆ ಕಲಿತು, 24 ಗಂಟೆ ಪ್ರತ್ಯಕ್ಷ ಅಭ್ಯಾಸ ಮಾಡಬೇಕು. ಐದು ವರ್ಷಕ್ಕೊಮ್ಮೆ 40 ಗಂಟೆ ಮರುಪಾಠ. ಇದಲ್ಲದೆ, ಓದಿಗೆ ತಕ್ಕಂತೆ ಒಂದರಿಂದ ಮೂರು ವರ್ಷಗಳ ಅನುಭವವೂ ಬೇಕು. ಲೆಕ್ಕ ಅಚ್ಚುಕಟ್ಟಾಗಿದೆ. ಆದರೂ 119ನೆಯ ಗಂಟೆಯಲ್ಲಿ ಇಲ್ಲದ ಯಾವ ಯೋಗ್ಯತೆ 120ನೆಯ ಗಂಟೆಯಲ್ಲಿ ಬಂತು ಎಂದು ಯಾರಾದರೂ ಕೇಳಿದರೆ ಉತ್ತರ ಸುಲಭವಲ್ಲ.

ಇದು ಇಂಜಿನಿಯರುಗಳ ಮಾತು, ನಮಗೇಕೆ ಎನ್ನುವಂತಿಲ್ಲ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರಗಳ ಕಡೆಯಿಂದ ಬಂದು ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಗಾರೆ ಹೊರುವವರು ನಮ್ಮವರು. ಬೆಳಿಗ್ಗೆ ನಾಕಾದಲ್ಲಿ ನಿಂತು ಆ ದಿನದ ಕೂಲಿಗಾಗಿ ಮುಕಾದಮನ ದಾರಿ ಕಾಯುವವರ ಗುಂಪಿನಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಆ ಕೆಲಸದ ಉಸ್ತುವಾರಿಗೆ ನಿಲ್ಲುವ ಇಂಜಿನಿಯರುಗಳಲ್ಲಿ ನಮ್ಮ ಮನೆಯ ಹುಡುಗರಿದ್ದಾರೆ. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಿಸುವ ಹೌಸಿಂಗ್ ಸೊಸೈಟಿಗಳ ಸದಸ್ಯರೂ ನಾವೇ. ಕಟ್ಟುವವರು, ಕಟ್ಟಿಸುವವರು, ನಡುವೆ ನಿಂತು ನೋಡಿಕೊಳ್ಳುವವರು, ಈ ಮೂರು ಕಡೆಯೂ ನಮ್ಮವರಿರುವಾಗ ಪ್ರಶ್ನೆ ನಮ್ಮದೂ ಹೌದು.

ಸಂಯೋಜಕ ಎಂಬ ಹೆಸರು ಏಕೆ ಬಂತು ಎಂಬುದನ್ನು ಮೊದಲು ನೋಡೋಣ. ಒಂದು ಕಟ್ಟಡದ ಮೇಲೆ ಹತ್ತು ಗುತ್ತಿಗೆದಾರರ ಜನ ಇರುತ್ತಾರೆ. ಸೆಂಟ್ರಿಂಗಿನವನಿಗೆ ತನ್ನ ಕೆಲಸ ಗೊತ್ತು, ವೈರಿಂಗಿನವನಿಗೆ ತನ್ನದು ಗೊತ್ತು. ಆದರೆ ತಂತಿ ಎಳೆಯುವುದಕ್ಕೆಂದು ಒಬ್ಬನು ಸ್ಲ್ಯಾಬಿನ ಕಂಡಿಗೆ ಮುಚ್ಚಿದ್ದ ಹಲಗೆ ತೆಗೆದು ಬದಿಗಿಟ್ಟು ಊಟಕ್ಕೆ ಹೋದರೆ, ಅದೇ ಹೊತ್ತಿಗೆ ಡಬ್ಬಿ ಹಿಡಿದು ಹಿಂದಕ್ಕೆ ಹೆಜ್ಜೆ ಇಡುವ ಬಣ್ಣದವನಿಗೆ ಅದು ತಿಳಿಯುವುದು ಹೇಗೆ? ಅಪಾಯ ಹುಟ್ಟುವುದು ಒಬ್ಬನ ಕೆಲಸಕ್ಕೂ ಇನ್ನೊಬ್ಬನ ಕೆಲಸಕ್ಕೂ ನಡುವಿನ ಸಂದಿಯಲ್ಲಿ. ಆ ಸಂದಿಯನ್ನು ನೋಡುವ ಕಣ್ಣೇ ಸಂಯೋಜಕ.

ಯುರೋಪಿನ ಸಮುದಾಯದ ರಾಷ್ಟ್ರಗಳು 1992ರ ಜೂನಿನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಹೇಳಿದರು. ಕಟ್ಟಡದ ಕೆಲಸದಲ್ಲಾಗುವ ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ, ಕೆಲಸ ಶುರುವಾಗುವ ಮೊದಲೇ ನಕ್ಷೆಯಲ್ಲಿ ಅಥವಾ ಯೋಜನೆಯಲ್ಲಿ ಆದ ತಪ್ಪಿನ ಪಾತ್ರವಿದೆ ಎಂದು! ಬಿದ್ದವನ ಅಜಾಗರೂಕತೆ ಎಂದು ಷರಾ ಬರೆದು ಕಡತ ಮುಚ್ಚುವವರು ಓದಬೇಕಾದ ವಾಕ್ಯ ಇದು. ತಾರಸಿಯ ಪ್ಯಾರಪೆಟ್ ಗೋಡೆಯನ್ನು ನಕ್ಷೆಯಲ್ಲಿಯೇ ಎದೆಮಟ್ಟಕ್ಕೆ ಎತ್ತರಿಸಿದರೆ, ಮುಂದೆ ಅಲ್ಲಿ ನೀರು ಸೋರದಂತೆ ಲೇಪ ಹಚ್ಚುವವನಿಗೆ ಸೊಂಟಕ್ಕೆ ಬೆಲ್ಟಿನ ಹಂಗಿಲ್ಲ. ಮೊಳಕಾಲುಮಟ್ಟಕ್ಕೆ ಇಳಿಸಿದರೆ, ಅದನ್ನು ಬರೆದವರ ಪೆನ್ಸಿಲು ಹತ್ತು ವರ್ಷ ಕಳೆದ ಮೇಲೂ ಯಾರನ್ನಾದರೂ ತಳ್ಳಬಹುದು. ಆದ್ದರಿಂದಲೇ ಸಂಯೋಜಕನನ್ನು ನೇಮಿಸುವ ಹೊಣೆಯನ್ನು ಆ ನಿರ್ದೇಶನ ಕಟ್ಟಿಸುವವರ ಮೇಲೆ ಹೊರಿಸಿತು, ಅದೂ ನಕ್ಷೆಯ ಕಾಲದಿಂದಲೇ.

ಬ್ರಿಟನ್ನಿನಲ್ಲಿ ನಡೆದದ್ದು ಈ ವಿಷಯದಲ್ಲಿ ಒಂದು ದೊಡ್ಡ ಪಾಠ. 1995ರಲ್ಲಿ ಜಾರಿಗೆ ಬಂದ ನಿಯಮಗಳು ಈ ಕೆಲಸಕ್ಕೆ 'ಪ್ಲಾನಿಂಗ್ ಸೂಪರ್‌ವೈಸರ್' ಎಂಬ ಹುದ್ದೆ ಸೃಷ್ಟಿಸಿದವು. 2007ರಲ್ಲಿ ಹೆಸರು ಬದಲಾಯಿಸಿ 'ಕೋ-ಆರ್ಡಿನೇಟರ್' ಎಂದರು. ಅವನ ಯೋಗ್ಯತೆಯನ್ನು ಅಳೆಯಲು ಉದ್ದನೆಯ ಪಟ್ಟಿಗಳನ್ನು ಕೊಟ್ಟರು. ಪ್ರಮಾಣಪತ್ರಗಳು ಬೆಳೆದವು, ಕಾಗದಗಳು ಬೆಳೆದವು. ಆದರೆ ಎಷ್ಟೋ ಕಡೆ ಆತನನ್ನು ಕರೆದದ್ದು ನಕ್ಷೆ ಮುಗಿದ ಮೇಲೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ನಕ್ಷೆ ಬರೆಯುವವರ ನಡುವೆ ಆತ ಹೊರಗಿನವನಾಗಿಯೇ ಉಳಿದ. ಕೊನೆಗೆ 2015ರಲ್ಲಿ ಆ ಹುದ್ದೆಯನ್ನೇ ತೆಗೆದುಹಾಕಿ, ನಕ್ಷೆಯ ಹಂತದ ಮೇಲೆ ಹಿಡಿತವಿರುವ ಮುಖ್ಯ ವಿನ್ಯಾಸಕಾರನಿಗೇ ಕರ್ತವ್ಯವನ್ನು ವಹಿಸಿದರು. ವ್ಯಕ್ತಿಗಳ ಮಟ್ಟಿಗೆ 'ಯೋಗ್ಯತೆ' ಎಂಬ ಒಂದು ಶಬ್ದದ ಬದಲು ಕೌಶಲ, ಜ್ಞಾನ, ತರಬೇತಿ, ಅನುಭವ ಎಂಬ ನಾಲ್ಕನ್ನು ಬಳಸಿದರು.

ಹಾಗಾದರೆ ತರಬೇತಿ ವ್ಯರ್ಥವೇ? ಅಲ್ಲ. ಸಾರುವೆಯ ಬುಡ ಕುಸಿಯುವುದನ್ನು, ಅಗೆದ ಮಣ್ಣಿನ ಗೋಡೆ ಬಾಯಿ ಬಿಡುವುದನ್ನು ಮೊದಲೇ ಗುರುತಿಸಲು ಕಲಿತ ಕಣ್ಣು ಬೇಕೇ ಬೇಕು. 2012ರ ಲಂಡನ್ ಒಲಿಂಪಿಕ್ ಕ್ರೀಡಾಂಗಣಗಳ ನಿರ್ಮಾಣ, ಆ 2007ರ ನಿಯಮಗಳ ಕಾಲದಲ್ಲಿಯೇ, ಒಬ್ಬ ಕೆಲಸಗಾರನ ಸಾವೂ ಇಲ್ಲದೆ ಮುಗಿಯಿತು. ಅಲ್ಲಿ ಕಟ್ಟಿಸುವ ಪ್ರಾಧಿಕಾರವೇ ಮೊದಲ ದಿನದಿಂದ ಅದನ್ನು ತನ್ನ ಹೊಣೆಯೆಂದುಕೊಂಡಿತ್ತು. ಕಲಿತವನ ಕಲಿಕೆಗೆ ಬೆಲೆ ಬರುವುದು, ಅವನು 'ನಿಲ್ಲಿಸಿ' ಎಂದಾಗ ಕೆಲಸ ನಿಂತರೆ ಮಾತ್ರ. ನಿಲ್ಲಿಸುವ ಶಕ್ತಿ ಅವನ ಪ್ರಮಾಣಪತ್ರದೊಳಗಿಲ್ಲ. ಅದು ಅವನನ್ನು ನೇಮಿಸಿದವರ ಕೈಯಲ್ಲಿದೆ.

ಇಲ್ಲಿಂದ ಮುಂದೆ ಧರ್ಮಸಂಕಟ. ಗುತ್ತಿಗೆದಾರನಿಂದಲೇ ಸಂಬಳ ಪಡೆಯುವ ಸುರಕ್ಷತಾ ಅಧಿಕಾರಿಯೊಬ್ಬನಿದ್ದಾನೆ ಎಂದಿಟ್ಟುಕೊಳ್ಳಿ. ನಾಳೆ ಸ್ಲ್ಯಾಬ್ ಬೀಳಬೇಕು, ಕಾಂಕ್ರೀಟಿನ ಗಾಡಿಗಳಿಗೆ ಹೇಳಿಯಾಗಿದೆ. ಕೆಳಗಿನ ಆಧಾರದ ಕಂಬಗಳು ಸರಿಯಿಲ್ಲವೆಂದು ಅವನು ಹೇಳುತ್ತಾನೆ. 'ನೋಡೋಣ, ನೀವು ರುಜು ಹಾಕಿ' ಎಂಬ ಉತ್ತರ ಬರುತ್ತದೆ. ಮನೆಯಲ್ಲಿ ಬಾಡಿಗೆ, ಮಕ್ಕಳ ಶಾಲೆ. ಊರು ಬಿಟ್ಟು ಬಂದವರಿಗೆ ಕೆಲಸ ಹೋಗುವುದೆಂದರೆ ಏನೆಂದು ಈ ಪತ್ರಿಕೆಯ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ. ಅವನು ರುಜು ಹಾಕಿದರೆ ದೋಷಿಯೇ?

ಅಧಿಕಾರವಿಲ್ಲದವನಿಗೆ ಹೊಣೆಯೂ ಇಲ್ಲ ಎಂಬ ವಾದ ಒಂದುಂಟು. ಅದರಲ್ಲಿ ಸತ್ಯವಿಲ್ಲವೆಂದಲ್ಲ, ಮೊದಲ ಪಾಲು ದೋಷ, ಹೆಸರಿಗೆ ಮಾತ್ರ ಅವನನ್ನು ಕೂರಿಸಿದವರದೇ. ಆದರೆ ನಮಗೆ ತೋರುವಂತೆ, ನಿಲ್ಲಿಸಲಾಗದೆ ಸುಮ್ಮನಾಗುವುದು ಬೇರೆ, ರುಜು ಹಾಕುವುದು ಬೇರೆ. ಸುಮ್ಮನಾದವನು ಏನನ್ನೂ ಹೇಳಲಿಲ್ಲ. ರುಜು ಹಾಕಿದವನು, 'ನಾನು ನೋಡಿದ್ದೇನೆ, ಹತ್ತಬಹುದು' ಎಂದು ಮೇಲೆ ಹತ್ತುವವನಿಗೆ ಹೇಳಿದ. ಕಂಬಿ ಕಟ್ಟುವವನು ಆ ಕಾಗದವನ್ನು ಓದಿರಲಾರ; ಆದರೂ ಅವನ ನಂಬಿಕೆ ನಿಂತಿರುವುದು ಅದರ ಮೇಲೆಯೇ. ಹೀಗಾಗಿ ಒತ್ತಾಯಕ್ಕೆ ಸಿಕ್ಕಿದವನ ಮೌನವನ್ನು ಕ್ಷಮಿಸಬಹುದಾದರೂ ಅವನ ಸುಳ್ಳು ರುಜುವನ್ನು ಕ್ಷಮಿಸುವುದು ಕಷ್ಟ. ಕಠಿಣವಾಯಿತು ಎನ್ನುವವರಿರಬಹುದು. 2023ರ ಆಗಸ್ಟ್ 1ರ ನಡುರಾತ್ರಿ ಠಾಣೆ ಜಿಲ್ಲೆಯ ಶಹಾಪುರದ ಬಳಿ ಹೆದ್ದಾರಿಯ ಕೆಲಸದಲ್ಲಿ ಗರ್ಡರು ಕೂರಿಸುವ ಯಂತ್ರ ಕುಸಿದು 20 ಜನ ಸತ್ತರು. ಅಲ್ಲಿ ಯಾರ ತಪ್ಪು ಎಷ್ಟು ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಇಂಥ ಕೆಲಸದಲ್ಲಿ ಒಂದು ರುಜುವಿನ ತೂಕ ಎಷ್ಟೆಂಬುದಕ್ಕೆ ಹೇಳಿದೆವು.

ನಮ್ಮ ದೇಶದ ಕಾಯಿದೆ ಈ ವಿಷಯದಲ್ಲಿ ತೀರ ಕುರುಡೇನಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯಿದೆಯ ಕೆಳಗೆ 1998ರಲ್ಲಿ ಬಂದ ಕೇಂದ್ರ ನಿಯಮಗಳು, 500 ಕೆಲಸಗಾರರಿದ್ದಲ್ಲಿ ಸುರಕ್ಷತಾ ಅಧಿಕಾರಿ ಬೇಕೆಂದವು. 2020ರಲ್ಲಿ ಅಂಗೀಕಾರವಾಗಿ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಂಹಿತೆ ಆ ಸಂಖ್ಯೆಯನ್ನು 250ಕ್ಕೆ ಇಳಿಸಿದೆ. ಒಳ್ಳೆಯದೇ. ಆದರೆ ನಲವತ್ತು ಜನ ದುಡಿಯುವ ಏಳು ಮಹಡಿಯ ಕಟ್ಟಡ ಈ ಲೆಕ್ಕದೊಳಗೆ ಬರುವುದಿಲ್ಲ. ಬಿದ್ದರೆ ಎತ್ತರ ಮಾತ್ರ ಅಷ್ಟೇ.

1998ರ ನಿಯಮಗಳಲ್ಲಿ ನಮ್ಮ ಮನಸ್ಸಿಗೆ ಹಿಡಿಸಿದ ಒಂದು ಮಾತಿದೆ. ಪದವಿ, ಅನುಭವ, ಸುರಕ್ಷತೆಯ ಡಿಪ್ಲೊಮಾಗಳ ಜೊತೆಗೆ, ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಆಡುವ ಭಾಷೆ ಆ ಅಧಿಕಾರಿಗೆ ಸಾಕಷ್ಟು ಬರಬೇಕು ಎಂದು ಅವು ವಿಧಿಸಿದ್ದವು. ಬರೆದವರು ಯಾರೋ, ಕೆಲಸದ ಜಾಗ ಕಂಡವರೇ ಇರಬೇಕು. ಬೆಳಿಗ್ಗೆ ಐದು ನಿಮಿಷ ಹಿಂದಿಯಲ್ಲಿ ಉಪದೇಶ ಮಾಡಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ತರಬೇತಿಯಾದಂತೆ ದಾಖಲೆಯಾಗುತ್ತದೆ. 'ತಮ್ಮಾ, ಆ ಹಲಗಿ ಮ್ಯಾಲೆ ಕಾಲಿಡಬ್ಯಾಡ, ಇನ್ನಾ ಕಟ್ಟಿಲ್ಲ' ಎಂದು ಒಬ್ಬರು ಹೇಳಿದರೆ ಕಾಲು ನಿಲ್ಲುತ್ತದೆ. ಸಾಯನ್ನಿನ ಸೆಂಟ್ರಲ್ ಲೇಬರ್ ಇನ್‌ಸ್ಟಿಟ್ಯೂಟಿನಲ್ಲಿ ಈ ವಿದ್ಯೆ ಕಲಿಯಲು ಹೊರಡುವ ನಮ್ಮ ಹುಡುಗರು ಮನೆಯ ಕನ್ನಡವನ್ನೂ ಅರ್ಹತೆಗಳ ಪಟ್ಟಿಯಲ್ಲಿ ಸೇರಿಸಿಕೊಳ್ಳಬಹುದು.

ಇನ್ನು ಕಟ್ಟಿಸುವವರ ಮಾತು. ಸೊಸೈಟಿಯ ಪುನರ್ನಿರ್ಮಾಣದ ಸಭೆಗಳಲ್ಲಿ ಕಾರ್ಪೆಟ್ ಏರಿಯಾ ಎಷ್ಟು, ಕಾರ್ಪಸ್ ಎಷ್ಟು, ಬಾಡಿಗೆ ಎಷ್ಟು ತಿಂಗಳು ಎಂದು ರಾತ್ರಿ ಹನ್ನೊಂದರವರೆಗೆ ಚರ್ಚೆ ನಡೆಯುತ್ತದೆ. ತಪ್ಪೇನಿಲ್ಲ, ಜೀವಮಾನದ ಗಳಿಕೆ ಅದು. ಅದೇ ಸಭೆಯಲ್ಲಿ ಯಾರಾದರೂ ಎದ್ದು, ಸುರಕ್ಷತೆ ನೋಡಿಕೊಳ್ಳುವವರು ಯಾರು, ಅವರ ಸಂಬಳ ಯಾರ ಕೈಯಿಂದ, ಅವರು ನಿಲ್ಲಿಸಿ ಎಂದರೆ ಆ ದಿನದ ನಷ್ಟ ಯಾರದು ಎಂದು ಕೇಳಬೇಕು. ಬಿಲ್ಡರು ನಗಬಹುದು. ಈ ಮೂರಕ್ಕೂ ಉತ್ತರವಿರುವ ಒಂದು ಕಲಮನ್ನು ಕರಾರುಪತ್ರದಲ್ಲಿ ಸೇರಿಸುವುದಕ್ಕೆ ವಕೀಲರು ಹೆಚ್ಚಿನ ಶುಲ್ಕವನ್ನೇನೂ ಕೇಳಲಾರರು.