ನಂಗೆ ವಯಸ್ಸಾಯ್ತು, ನಿಂಗೆ ವಯಸ್ಸಾಯ್ತು

ಹೆಂಗಸಿಗೆ ವಯಸ್ಸಾಗುವುದನ್ನು ಕನ್ನಡದಲ್ಲಿ ಎರಡು ಥರ ಹೇಳಬಹುದು. ‘ಅವಳು ಮುದುಕಿಯಾದಳು’ ಅನ್ನಬಹುದು. ‘ಅವಳಿಗೆ ವಯಸ್ಸಾಯ್ತು’ ಅಂತಲೂ ಅನ್ನಬಹುದು. ಮೊದಲನೆಯದರಲ್ಲಿ ಅವಳೇ ಬೇರೆ ಏನೋ ಆಗಿಬಿಟ್ಟಳು. ಎರಡನೆಯದರಲ್ಲಿ ವಯಸ್ಸು ಅವಳಿಗೆ ಆಗಿದೆ. ಹಸಿವಾದ ಹಾಗೆ, ಸುಸ್ತಾದ ಹಾಗೆ, ಖುಷಿಯಾದ ಹಾಗೆ. ಅವಳು ಅವಳಾಗಿಯೇ ಉಳಿದಿದ್ದಾಳೆ.

ಇದು ಬರೀ ವ್ಯಾಕರಣ ಅಲ್ಲ. ಹುಣಸೂರು ಹತ್ತಿರದ ನಮ್ಮೂರಲ್ಲಿ ಹೊಗೆಸೊಪ್ಪು ಕಟ್ಟೋಕೆ ಹೋಗುವ ನಮ್ಮವ್ವನಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಯಾರಾದ್ರೂ ‘ಮುದುಕಿ’ ಅಂದರೆ, ‘ವಯಸ್ಸಾಯ್ತು ಕಣಪ್ಪಾ, ಮುದುಕಿ ಆಗಿಲ್ಲ’ ಅಂತಾಳೆ. ಕೂಲಿಗೆ ಕರೆಯುವವರ ಬಾಯಲ್ಲಿ ‘ಮುದುಕಿ’ ಅಂದರೆ ನಾಳೆಯಿಂದ ಬರಬೇಡ ಅಂತಲೇ ಅರ್ಥ.

ಸರ್ಕಾರದ ಲೆಕ್ಕ ಸುಲಭ. ಹಿರಿಯ ನಾಗರಿಕರಾಗೋಕೆ 60, ಸಂಧ್ಯಾ ಸುರಕ್ಷಾ ಪಿಂಚಣಿಗೆ 65. ಊರಿನ ಲೆಕ್ಕ ಬೇರೆ. ಹುಡುಗಿ ಮೈನೆರೆದರೆ ‘ದೊಡ್ಡೋಳಾದ್ಲು’ ಅಂತ ಆರತಿ ಎತ್ತುತ್ತಾರೆ. ಮುಟ್ಟು ನಿಂತರೆ ‘ನಿಂತೋಯ್ತು’, ಅಷ್ಟೇ. ಮೊಮ್ಮಗು ಹುಟ್ಟಿದರೆ 45ಕ್ಕೇ ಅಜ್ಜಿ. ಅದೇ ವಯಸ್ಸಿನ ಗಂಡಸು ಮಾತ್ರ ‘ಯಜಮಾನ್ರು’. ಹೆಂಗಸಿನ ವಯಸ್ಸನ್ನು ಅವಳ ಮೈಯಿಂದ, ಮನೆಯವರಿಂದ ಅಳೀತಾರೆ, ಅವಳನ್ನು ಕೇಳಲ್ಲ.

ಹಾಗಾದರೆ ‘ವಯಸ್ಸಾಯ್ತು’ ಅನ್ನೋದೇ ಸರಿಯಾದ ಮಾತಾ? ಅದೂ ಯಾರು ಹೇಳ್ತಾರೆ ಅನ್ನೋದರ ಮೇಲಿದೆ. ‘ನಂಗೆ ವಯಸ್ಸಾಯ್ತು’ ಅಂತ ಅವ್ವ ಅಂದರೆ, ಅದು ತನಗೆ ತಾನೇ ಕೊಟ್ಟುಕೊಂಡ ರಜೆ. ಇವತ್ತು ಕೆಲಸಕ್ಕೆ ಹೋಗಲ್ಲ, ಜಗುಲಿ ಮೇಲೆ ಕೂತು ಎಲೆ ಅಡಿಕೆ ಹಾಕ್ತೀನಿ ಅಂತ. ‘ನಿಂಗೆ ವಯಸ್ಸಾಯ್ತು’ ಅಂತ ಬೆಂಗಳೂರಿನಿಂದ ಫೋನಿನಲ್ಲಿ ಮಕ್ಕಳು ಅಂದರೆ, ಅದು ಆರ್ಡರ್. ಹಸು ಮಾರಿಬಿಡು. ಒಬ್ಬಳೇ ಬಸ್ ಹತ್ತಬೇಡ. ಎಟಿಎಂ ಕಾರ್ಡ್ ನನ್ನ ಹತ್ರ ಇರ್ಲಿ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಫ್ರೀ ಆದಮೇಲೆ ಮೈಸೂರಿಗೆ ತಾನೇ ಹೋಗಿಬರೋಳಿಗೆ ಈ ಮಾತು!

ಪ್ರೀತಿಯಿಂದಲೇ ಹೇಳ್ತೀವಿ, ನಿಜ. ಬಿದ್ದು ಸೊಂಟ ಮುರಿದುಕೊಂಡರೆ ರಜೆ ಹಾಕಿ ಆಸ್ಪತ್ರೆಗೆ ಓಡಬೇಕಾದವರು ನಾವೇ, ಅದೂ ನಿಜ. ಆದರೆ ಬೀಳುವ ಸೊಂಟ ಅವಳದು. ಎಷ್ಟು ಅಪಾಯ, ಎಷ್ಟು ಬದುಕು ಅಂತ ತೂಗುವ ಹಕ್ಕೂ ಮೊದಲು ಅವಳದೇ.

‘ನಿಂಗೆ ಹಸಿವಾಗಿದೆ’ ಅಂತ ನಾವು ಯಾರಿಗೂ ತೀರ್ಪು ಕೊಡಲ್ಲ, ‘ಹಸಿವಾಯ್ತಾ?’ ಅಂತ ಕೇಳ್ತೀವಿ. ಸುಸ್ತನ್ನೂ ಹಾಗೇ ಕೇಳ್ತೀವಿ. ವಯಸ್ಸಿಗೂ ಅಷ್ಟೇ ಸಾಕು. ‘ಅವ್ವಾ, ಹಸು ನೋಡ್ಕೊಳೋಕೆ ಆಗ್ತದಾ?’ ಆಗಲ್ಲ ಅಂದ ದಿನ ಮಾರೋಣ.