ಗಾಳಿ ಬಂದಾಗ ತೂರಿಕೋ

‘ಗಾಳಿ ಬಂದಾಗ ತೂರಿಕೋ’ ಅನ್ನುವ ಮಾತು ನಮ್ಮ ಕಡೆ ಈಗ ಹೆಚ್ಚಾಗಿ ಕೇಳಿಬರುವುದು ಚುನಾವಣೆಯ ಹೊತ್ತಿಗೆ. ಪಕ್ಷ ಬಿಟ್ಟು ಪಕ್ಷಕ್ಕೆ ಜಿಗಿದವನ ಬಗ್ಗೆ ಚಹಾದಂಗಡಿಯಲ್ಲಿ ಕುಳಿತವರು, ‘ಗಾಳಿ ಬಂದಾಗ ತೂರಿಕೊಂಡಾನ ಬಿಡ್ರಿ’ ಅನ್ನುತ್ತಾರೆ. ಅರ್ಧ ಬೈಗುಳ, ಅರ್ಧ ಹೊಟ್ಟೆಕಿಚ್ಚು. ಹೀಗೆ ಸವೆದು ಸವೆದು ಗಾದೆ ಸಮಯಸಾಧಕರ ಪಾಲಾಗಿದೆ. ಕಣದಲ್ಲಿ ನಿಂತು ರಾಶಿ ಮಾಡಿದವರು ಇದನ್ನು ಹೀಗೆ ಅರ್ಥ ಮಾಡಲಾರರು.

ಅಥಣಿಯ ಮೂಡಣ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳದ ರಾಶಿಯೆಂದರೆ ಯಂತ್ರ ಬರುವ ಮುಂಚೆ ದಿನಗಟ್ಟಲೆಯ ಕೆಲಸ. ಹಂತಿ ಹೂಡಿ ಎತ್ತುಗಳಿಂದ ತೆನೆ ತುಳಿಸಿದ ಮೇಲೆ ಕಾಳು, ಹೊಟ್ಟು, ಮಣ್ಣು ಎಲ್ಲ ಕೂಡಿದ ಗುಡ್ಡೆ ಉಳಿಯುತ್ತಿತ್ತು. ಎತ್ತರದ ಮಣೆ ಏರಿದವನು ತುಂಬಿದ ಮೊರ ಹಿಡಿದು ಕಾಯುತ್ತಿದ್ದ. ಗಾಳಿ ಇಲ್ಲದಾಗ ಸುರಿದರೆ ಹೊಟ್ಟೂ ಕಾಳೂ ಒಂದೇ ಕಡೆ ಬೀಳುತ್ತವೆ, ದುಡಿಮೆ ದಂಡ. ಬಿರುಗಾಳಿಗೆ ಸುರಿದರೆ ಹೊಟ್ಟಿನ ಬೆನ್ನಿಗೆ ಕಾಳೂ ಹೋಗುತ್ತದೆ. ಹದವಾದ ಗಾಳಿ ಬಂದಾಗ ಮೊರ ಖಾಲಿ ಇದ್ದರೆ, ತುಂಬಿಕೊಳ್ಳುವಷ್ಟರಲ್ಲಿ ಗಾಳಿ ಬಿದ್ದುಹೋಗಿರುತ್ತದೆ. ತೂರುವ ಕೆಲಸ ಒಬ್ಬನದೇ ಅಲ್ಲ. ಕೆಳಗಿನಿಂದ ಮೊರ ತುಂಬಿ ಕೊಡುವವರು, ಬಿದ್ದ ಕಾಳಿನ ಮೇಲಿನ ಹೊಟ್ಟನ್ನು ಗುಡಿಸುವವರು ಬೇರೆ. ಗಾಳಿಯೇ ಬಾರದ ದಿನ ಇಬ್ಬರು ಕಂಬಳಿಯ ಎರಡು ತುದಿ ಹಿಡಿದು ಬೀಸಿ ಗಾಳಿ ಮಾಡಿಕೊಟ್ಟದ್ದೂ ಉಂಟು. ಇಷ್ಟೆಲ್ಲ ಆ ಮೂರು ಪದಗಳ ಹಿಂದೆ ಇದೆ.

ಕಣಗಳು ಹೋದವು. ಈ ಗಾದೆಯನ್ನು ಇವತ್ತಿನ ಹುಡುಗರಿಗೆ ತಿಳಿಸಬೇಕೆಂದರೆ ನಾನು ಬಾಸ್ಕೆಟ್‌ಬಾಲ್ ಕೋರ್ಟಿನ ಕಡೆ ಕೈ ತೋರಿಸುತ್ತೇನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮಕ್ಕಳಿಗೆ ಇದು ಊರಿನ ಆಟವಲ್ಲ. ಊರಿನದು ಕುಸ್ತಿ, ಕಬಡ್ಡಿ, ಖೋಖೋ. ಎತ್ತರದ ಹುಡುಗನನ್ನು ಕಂಡು ದೈಹಿಕ ಶಿಕ್ಷಣದ ಪಿ.ಡಿ. ಸರ್ ಚೆಂಡು ಕೈಗೆ ಕೊಡುವುದು ಕಾಲೇಜಿಗೆ ಬಂದ ಮೇಲೆ. ಈ ಭಾಗದ ಹೆಚ್ಚಿನ ಪದವಿ ಕಾಲೇಜುಗಳು 2010ರಲ್ಲಿ ಶುರುವಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿವೆ. ನಿಪ್ಪಾಣಿಯ ಮಗ್ಗುಲಲ್ಲೇ ಇರುವ ಅರ್ಜುನನಗರದ ದೇವಚಂದ ಕಾಲೇಜು ಮಹಾರಾಷ್ಟ್ರದ ನೆಲದಲ್ಲಿದ್ದು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಒಂದೇ ಓಣಿಯ ಇಬ್ಬರು ಗೆಳೆಯರು ಎರಡು ವಿಶ್ವವಿದ್ಯಾಲಯಗಳ ಪಂದ್ಯಾವಳಿಗಳಲ್ಲಿ ಆಡಬಹುದು. ಎಲ್ಲಿ ಆಡಿದರೂ ಬದಿಯಲ್ಲಿ ನಿಂತ ಗೆಳೆಯರ ಕೂಗು ಒಂದೇ: ‘ಹೊಡಿಯಲೇ, ಹೊಡಿ!’ ಬಯಲು ಕೋರ್ಟಿನಲ್ಲಿ ಆಷಾಢದ ಪಡುವಣ ಗಾಳಿ ನಿಜವಾಗಿಯೂ ಬೀಸುತ್ತಿದ್ದರೂ ಸರಿ, ಮೂರು ಪಾಯಿಂಟಿನ ಗೆರೆಯಾಚೆಯಿಂದ ಹೊಡೆಯಲೇಬೇಕು. ಮೊಬೈಲಿನಲ್ಲಿ ಅಮೆರಿಕದ ಆಟಗಾರ ಸ್ಟೀಫನ್ ಕರಿಯ ತುಣುಕು ನೋಡಿ ಬಂದವನನ್ನು ತಡೆಯುವವರು ಯಾರು?

ಆ ಕರಿಯೇ ಕಾಲೇಜಿನಲ್ಲಿದ್ದಾಗ ಆಡಿದ ಒಂದು ಪಂದ್ಯವನ್ನು ಆ ಹುಡುಗ ನೋಡಬೇಕಿತ್ತು. ಅದರ ತುಣುಕುಗಳು ಅಷ್ಟಾಗಿ ಓಡಾಡುವುದಿಲ್ಲ, ಏಕೆಂದರೆ ಅದರಲ್ಲಿ ಅವನು ಒಂದು ಪಾಯಿಂಟನ್ನೂ ಗಳಿಸಲಿಲ್ಲ.

2008ರ ನವೆಂಬರ್ 25. ಕರಿ ಅಮೆರಿಕದ ನಾರ್ತ್ ಕೆರೊಲಿನಾದ ಡೇವಿಡ್‌ಸನ್ ಎಂಬ ಚಿಕ್ಕ ಕಾಲೇಜಿನ ಆಟಗಾರ. ಒಂದು ವಾರದ ಹಿಂದಷ್ಟೇ ಓಕ್ಲಹಾಮ ತಂಡದ ಎದುರು 44 ಪಾಯಿಂಟ್ ಗಳಿಸಿದ್ದ. ಆ ಹಂಗಾಮಿನಲ್ಲಿ ದೇಶದಲ್ಲೇ ಅತಿ ಹೆಚ್ಚು ಸರಾಸರಿ ಅವನದಾಯಿತು. ಅವತ್ತಿನ ಎದುರಾಳಿ ಮೇರಿಲ್ಯಾಂಡಿನ ಲೊಯೋಲಾ. ಅದರ ಕೋಚ್ ಜಿಮ್ಮಿ ಪ್ಯಾಟ್‌ಸೋಸ್ ಒಂದು ವಿಚಿತ್ರ ಹೂಟ ಹೂಡಿದ: ಚೆಂಡು ಕರಿಯ ಕೈಯಲ್ಲಿರಲಿ ಬಿಡಲಿ, ಇಬ್ಬರು ಅವನ ಮೈಗೆ ಅಂಟಿಕೊಂಡೇ ಇರಬೇಕು. ಇಪ್ಪತ್ತರ ಆಸುಪಾಸಿನ ಹುಡುಗ, ಎಲ್ಲರೂ ನೋಡಲು ಬಂದಿರುವುದು ಅವನನ್ನೇ. ಅಂಥವನು ಇಬ್ಬರ ನಡುವೆ ನುಗ್ಗಿ ಹೊಡೆದಿದ್ದರೆ ಯಾರೂ ಬೈಯುತ್ತಿರಲಿಲ್ಲ. ಅವನು ಹೋಗಿ ಕೋರ್ಟಿನ ಮೂಲೆಯಲ್ಲಿ ನಿಂತ. ಇಬ್ಬರು ಕಾವಲುಗಾರರೂ ಅಲ್ಲೇ ಬಂದು ನಿಂತರು. ಉಳಿದ ಜಾಗದಲ್ಲಿ ಡೇವಿಡ್‌ಸನ್ನಿನ ನಾಲ್ವರು, ಲೊಯೋಲಾದ ಮೂವರು. ಇಡೀ ಪಂದ್ಯದಲ್ಲಿ ಕರಿ ಹೊಡೆದದ್ದು ಮೂರೇ ಶಾಟು, ಒಂದೂ ಬೀಳಲಿಲ್ಲ. ಡೇವಿಡ್‌ಸನ್ ಗೆದ್ದದ್ದು 78–48ರಿಂದ.

ಇದನ್ನು ತ್ಯಾಗ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಗಾಳಿ ತನ್ನ ಮೇಲೆ ಬೀಸುತ್ತಿಲ್ಲ, ಆಚೆ ನಾಲ್ವರ ಮೇಲೆ ಬೀಸುತ್ತಿದೆ ಎಂಬ ಬರಿಯ ಲೆಕ್ಕ ಅದು. ಕಂಬಳಿ ಹಿಡಿದು ನಿಂತವನು ತಾನು ಮೊರ ಮುಟ್ಟದಿದ್ದರೂ ರಾಶಿಯಲ್ಲಿ ಪಾಲುಗಾರ. ಕರಿಗೆ ಅವತ್ತು ಬೀಸುವ ಶ್ರಮವೂ ಇರಲಿಲ್ಲ, ನಿಂತರೆ ಸಾಕಾಗಿತ್ತು. ನಮ್ಮ ಅಂತರ ಕಾಲೇಜು ತಂಡಗಳಲ್ಲಿ ಸ್ಕ್ರೀನ್ ಹಾಕುವ ಆಟಗಾರನನ್ನು, ಅಂದರೆ ಗೆಳೆಯನನ್ನು ಕಾಯುವವನ ದಾರಿಗೆ ಅಡ್ಡ ನಿಲ್ಲುವವನನ್ನು, ಯಾರೂ ಹೆಸರಿಟ್ಟು ಕೂಗುವುದಿಲ್ಲ. ಓಪನ್ ಶಾಟ್ ಆಕಾಶದಿಂದ ಬಿತ್ತೆಂದು ಎಲ್ಲರೂ ತಿಳಿಯುತ್ತಾರೆ.

ಇನ್ನು ಹದ ತಿಳಿಯುವ ಮಾತು. ಇದು ಕೊಂಚ ಅಂಕಗಣಿತ. ಮೂರು ಪಾಯಿಂಟಿನ ಗೆರೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ 6.75 ಮೀಟರ್ ದೂರದಲ್ಲಿದೆ, ಮೂಲೆಗಳಲ್ಲಿ ಮಾತ್ರ 6.60. ಒಬ್ಬ ಆಟಗಾರ ಅಲ್ಲಿಂದ ನೂರಕ್ಕೆ 30 ಬೀಳಿಸುತ್ತಾನೆ ಅಂದುಕೊಳ್ಳಿ: 90 ಪಾಯಿಂಟ್. ಗೆರೆಯಿಂದ ಎರಡು ಹೆಜ್ಜೆ ಒಳಗೆ ಬಂದು ನೂರಕ್ಕೆ 40 ಬೀಳಿಸಿದರೆ 80 ಮಾತ್ರ. ಹತ್ತಿರ ಬಂದೆ ಎಂಬ ಸಮಾಧಾನಕ್ಕೆ ತೆತ್ತ ಬೆಲೆ ಹತ್ತು ಪಾಯಿಂಟ್. ರಿಂಗಿನ ಬುಡದಲ್ಲಿ ಲೇಅಪ್ ನೂರಕ್ಕೆ 55 ಬಿದ್ದರೆ 110. ನುಗ್ಗಿ ಫೌಲ್ ಮಾಡಿಸಿಕೊಂಡು ಎರಡೆರಡು ಫ್ರೀ ಥ್ರೋ ಪಡೆದು, ಅವುಗಳಲ್ಲಿ ನೂರಕ್ಕೆ 65 ಬೀಳಿಸುವವನಿಗೆ ನೂರು ಸಲಕ್ಕೆ 130. ಹೀಗೆ ನೋಡಿದರೆ ಗೆರೆಯ ತುಸು ಒಳಗಿನಿಂದ, ಎದುರಾಳಿಯ ಕೈ ಮುಖದ ಮುಂದಿರುವಾಗ ಹೊಡೆಯುವ ಶಾಟಿಗಿಂತ ದಂಡದ ಶಾಟು ಇನ್ನೊಂದಿಲ್ಲ. ನಮ್ಮ ಹುಡುಗರ ಮೆಚ್ಚಿನ ಶಾಟೂ ಅದೇ. ಆದರೆ ಈ ಲೆಕ್ಕ ಒಬ್ಬೊಬ್ಬನಿಗೂ ಬೇರೆ. ಗೆರೆಯಾಚೆಯಿಂದ ನೂರಕ್ಕೆ 15 ಬೀಳಿಸುವವನಿಗೆ ಸಿಗುವುದು 45, ಅವನಿಗೆ ಎಷ್ಟೇ ಓಪನ್ ಆದರೂ ಅದು ಗಾಳಿಯಲ್ಲ. ಅಭ್ಯಾಸದ ಹೊತ್ತಿನಲ್ಲಿ ಎಣಿಸಿ ಬರೆದಿಟ್ಟುಕೊಳ್ಳದವನಿಗೆ ತನ್ನ ನಂಬರು ಗೊತ್ತಾಗುವ ದಾರಿಯೇ ಇಲ್ಲ. ಬಿದ್ದದ್ದು ನೆನಪಿರುತ್ತದೆ, ಬೀಳದ್ದು ಮರೆತುಹೋಗುತ್ತದೆ.

ಹಾಗಾದರೆ ಕಾಯುತ್ತಲೇ ಇರಬೇಕೆ? ಕಾದವರ ಕಥೆಯೂ ಇದೆ. 1950ರ ನವೆಂಬರ್ 22ರಂದು ಅಮೆರಿಕದ ವೃತ್ತಿಪರ ಲೀಗಿನಲ್ಲಿ ಫೋರ್ಟ್ ವೇನ್ ಪಿಸ್ಟನ್ಸ್ ತಂಡದವರು ಮಿನಿಯಾಪೊಲಿಸ್ ಲೇಕರ್ಸ್ ಎದುರು ಚೆಂಡು ಹಿಡಿದು ನಿಂತೇಬಿಟ್ಟರು. ಪಂದ್ಯ ಮುಗಿದಾಗ 19–18, ಪಿಸ್ಟನ್ಸ್ ಗೆಲುವು, ನೋಡಲು ಬಂದವರಿಗೆ ಸಿಟ್ಟು. ನಾಲ್ಕು ವರ್ಷದ ಬಳಿಕ ಸಿರಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಒಂದು ಭಾಗಾಕಾರ ಮಾಡಿದ. 48 ನಿಮಿಷದ ಪಂದ್ಯವೆಂದರೆ 2,880 ಸೆಕೆಂಡು, ರಂಜನೆಯ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಶಾಟು ಹೊಡೆಯುತ್ತವೆ, ಭಾಗಿಸಿದರೆ 24. ಇಂದಿಗೂ ಆ 24 ಸೆಕೆಂಡುಗಳೇ ನಿಯಮ. ಅಷ್ಟರೊಳಗೆ ಶಾಟು ಹೊಡೆಯದಿದ್ದರೆ, ಹೊಡೆದದ್ದು ರಿಂಗು ಮುಟ್ಟದಿದ್ದರೆ, ಚೆಂಡು ಎದುರಾಳಿಯ ಪಾಲು. ಸಂಜೆಯಾದರೆ ರಾಶಿಗೆ ಇಬ್ಬನಿ ಹಿಡಿಯುತ್ತದೆ ಎಂದು ರೈತನಿಗೆ ಯಾರೂ ಗಡಿಯಾರ ತೋರಿಸಿ ಹೇಳಬೇಕಾಗಿರಲಿಲ್ಲ. ಗಡಿಯಾರ 20 ತೋರಿಸುವಾಗ ಕೆಟ್ಟದಾದ ಶಾಟು 3 ತೋರಿಸುವಾಗ ಒಳ್ಳೆಯದಾಗುವುದೂ ಇದರಿಂದಲೇ. ಶಾಟ್ ಸರಿಯೋ ತಪ್ಪೋ ಎಂದು ಕೇಳುವವರು ಎಷ್ಟು ಸೆಕೆಂಡು ಉಳಿದಿತ್ತು ಎಂದು ಮೊದಲು ಕೇಳಬೇಕು.

ನಮ್ಮ ಹುಡುಗರಿಗೆ ಈ ಬುದ್ಧಿ ಹೊಸದೇನಲ್ಲ. ಕಬಡ್ಡಿಯಲ್ಲಿ ರೇಡಿಗೆ ಹೋದವನಿಗೆ 30 ಸೆಕೆಂಡು. ಬಾಕ್ ಗೆರೆ ದಾಟಿ, ಎದುರಾಳಿಗಳ ಕಾಲು ನೋಡಿ, ಸಂದಿ ಸಿಗದಿದ್ದರೆ ಖಾಲಿ ಕೈಯಲ್ಲಿ ಮರಳುತ್ತಾನೆ. ಅದಕ್ಕೆ ಯಾರೂ ಅವನನ್ನು ಹೇಡಿ ಅನ್ನುವುದಿಲ್ಲ. ಪ್ರೊ ಕಬಡ್ಡಿಯಲ್ಲಿ ಸತತ ಎರಡು ರೇಡು ಖಾಲಿಯಾದರೆ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲವಾದರೆ ಔಟ್; ಆಗ ಅವನ ನಡೆಯೇ ಬೇರೆ. ಊರ ಅಂಗಳದಲ್ಲಿ ಇದನ್ನೆಲ್ಲ ಮೈಗೂಡಿಸಿಕೊಂಡ ಹುಡುಗ ಬಾಸ್ಕೆಟ್‌ಬಾಲ್ ಕೋರ್ಟಿಗೆ ಬಂದ ಕೂಡಲೇ ಪಾಸ್ ಕೊಡುವುದೆಂದರೆ ಸೋಲೊಪ್ಪಿದಂತೆ ಅಂದುಕೊಳ್ಳುವುದೇಕೋ ನನಗೆ ಬಗೆಹರಿದಿಲ್ಲ. ಬಹುಶಃ ಖಾಲಿ ರೇಡಿನಿಂದ ಮರಳುವಾಗಲೂ ಎಲ್ಲರ ಕಣ್ಣು ಅವನ ಮೇಲೇ ಇರುತ್ತದೆ, ಪಾಸ್ ಕೊಟ್ಟ ಮೇಲೆ ಇರುವುದಿಲ್ಲ.

ಮೊರ ತುಂಬಿರಬೇಕು ಎಂಬ ಮಾತು ಉಳಿಯಿತು. ಇದು ಕಣ್ಣಿಗೆ ಕಾಣದ ಭಾಗ. ಚೆಂಡು ಕೈಗೆ ಬಂದ ಮೇಲೆ ಹೊಡೆಯಲೋ, ನುಗ್ಗಲೋ, ಕೊಡಲೋ ಎಂದು ಯೋಚಿಸಲು ಕುಳಿತವನ ಓಪನ್ ಶಾಟ್ ಅಷ್ಟರಲ್ಲಿ ಮುಚ್ಚಿರುತ್ತದೆ. ಒಳ್ಳೆಯವನು ಪಾಸ್ ಬರುವ ಮುಂಚೆಯೇ ತನ್ನನ್ನು ಕಾಯುವವನ ಪಾದ ಎತ್ತ ತಿರುಗಿದೆ ಎಂದು ನೋಡಿರುತ್ತಾನೆ, ಮೊಣಕಾಲು ಮಡಿಸಿರುತ್ತಾನೆ. ಕೈಗೆ ಚೆಂಡು ತಾಗುವ ಹೊತ್ತಿಗೆ ತೀರ್ಮಾನ ಹಳೆಯದಾಗಿರುತ್ತದೆ.

ಕೊನೆಗೆ ಮತ್ತೆ ಕರಿಯ ಒಂದು ತೀರ್ಮಾನ. ಇದರ ಬಗ್ಗೆ ಜಗಳ ಇನ್ನೂ ನಿಂತಿಲ್ಲ. ಲೊಯೋಲಾ ಪಂದ್ಯಕ್ಕೂ ಎಂಟು ತಿಂಗಳು ಮುಂಚೆ, 2008ರ ಮಾರ್ಚ್ 30ರಂದು ಡೆಟ್ರಾಯಿಟ್‌ನಲ್ಲಿ ಡೇವಿಡ್‌ಸನ್ ಎದುರಿಗೆ ಕ್ಯಾನ್ಸಸ್. ಗೆದ್ದವರು ದೇಶದ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗುತ್ತಾರೆ. ಕ್ಯಾನ್ಸಸ್ 59, ಡೇವಿಡ್‌ಸನ್ 57, ಕೊನೆಯ ಕೆಲವು ಸೆಕೆಂಡು, ಚೆಂಡು ಕರಿಯ ಕೈಯಲ್ಲಿ. ಇಬ್ಬರು ಮೇಲೆ ಬಂದರು. ಕರಿ ಜೇಸನ್ ರಿಚರ್ಡ್ಸ್‌ಗೆ ಪಾಸ್ ಕೊಟ್ಟ. ಆ ಹಂಗಾಮಿನಲ್ಲಿ ಗೆಳೆಯರಿಗೆ ಪಾಸ್ ಕೊಟ್ಟು ಬಾಸ್ಕೆಟ್ ಮಾಡಿಸುವುದರಲ್ಲಿ ದೇಶಕ್ಕೇ ಮೊದಲಿಗನಾಗಿದ್ದ ರಿಚರ್ಡ್ಸ್ ದೂರದಿಂದ ಹೊಡೆದ ಚೆಂಡು ಬೀಳಲಿಲ್ಲ. ಕ್ಯಾನ್ಸಸ್ ಮುಂದೆ ಚಾಂಪಿಯನ್ ಆಯಿತು. ಅಂಥ ಹೊಡೆತಗಾರ ಕೊನೆಯ ಶಾಟನ್ನು ಬೇರೆಯವನಿಗೆ ಬಿಡುವುದೇ ಎಂದು ಕೇಳುವವರಿಗೆ ಉತ್ತರ ಸುಲಭ: ಅವನ ಕಣ್ಣ ಮುಂದೆ ನಾಲ್ಕು ಕೈಗಳಿದ್ದವು, ರಿಚರ್ಡ್ಸ್ ಕಣ್ಣ ಮುಂದೆ ಅಷ್ಟಿರಲಿಲ್ಲ.

ಪಂದ್ಯದ ಅಧಿಕೃತ ಸ್ಕೋರ್‌ಶೀಟಿನಲ್ಲಿ ಬಿದ್ದ ಬಾಸ್ಕೆಟ್ಟು, ಫೌಲು, ಟೈಮ್‌ಔಟುಗಳಿಗೆ ಮನೆಗಳಿವೆ. ಬೀಳದ ಶಾಟಿಗೆ, ಹೊಡೆಯದೆ ಬಿಟ್ಟ ಶಾಟಿಗೆ ಇಲ್ಲ. ರಾಯಬಾಗದಲ್ಲೋ ಕಾಗವಾಡದಲ್ಲೋ ತಂಡ ಕಟ್ಟುವ ಪಿ.ಡಿ. ಸರ್ ಬೆಂಚಿನ ಮೇಲೆ ಕುಳಿತ ಹುಡುಗನ ಕೈಗೆ ಒಂದು ನೋಟ್‌ಬುಕ್ ಕೊಟ್ಟು ನಾಲ್ಕು ಕಾಲಮ್ ಎಳೆಸಬಹುದು: ಎಲ್ಲಿಂದ, ಎಷ್ಟು ಸೆಕೆಂಡು ಉಳಿದಿತ್ತು, ಮುಖದ ಮುಂದೆ ಕೈ ಇತ್ತೋ, ಹೊಡೆದದ್ದು ಸರಿಯೋ. ಚೆಂಡು ಬಿತ್ತೋ ಇಲ್ಲವೋ ಎಂಬುದಕ್ಕೆ ಐದನೆಯ ಕಾಲಮ್ ಎಳೆಯಬೇಕಾಗಿಲ್ಲ, ಬಿದ್ದದ್ದನ್ನು ಸ್ಕೋರರ್ ಹೇಗೂ ಬರೆದುಕೊಳ್ಳುತ್ತಾನೆ.