ಪ್ರವೇಶದ ಅರ್ಜಿ ಮತ್ತು ಸತ್ಯ



ಹನ್ನೆರಡನೆಯ ತರಗತಿ ಮುಗಿಯುವ ಹೊತ್ತಿಗೆ ನಮ್ಮ ಒಕ್ಕಲು ಮನೆಗಳಲ್ಲಿಯೂ ವ್ಯಾಪಾರಸ್ಥರ ಮನೆಗಳಲ್ಲಿಯೂ ಈಗ ಒಂದೇ ಮಾತು: ಮಗನಿಗೆ ಐ.ಐ.ಟಿ. ಸಿಕ್ಕೀತೆ? ಮಗಳಿಗೆ ಮೆಡಿಕಲ್ ಸೀಟು ಸಿಕ್ಕೀತೆ? ಅಕ್ಕಲಕೋಟೆ, ಜತ್ತ, ಆದವಾನಿ, ಮಡಕಶಿರಾ ಕಡೆಯ ಮಕ್ಕಳು ಇಂಥ ದೊಡ್ಡ ವಿದ್ಯಾಲಯಗಳ ಕಡೆಗೆ ಮುಖ ಮಾಡಿರುವುದು ಸಂತೋಷದ ಸಂಗತಿ. ಆದರೆ ಓದಿನ ಮಾತಿನ ಬೆನ್ನಿಗೆ ಮೆಲ್ಲಗೆ ಇನ್ನೊಂದು ಮಾತೂ ಕೇಳಿಬರುತ್ತದೆ: "ಒಂದು ಸರ್ಟಿಫಿಕೇಟು ಮಾಡಿಸಿಬಿಟ್ಟರೆ ಕೆಲಸ ಹಗುರ." ಈ ಮಾತನ್ನು ಕುರಿತು ನಾವೆಲ್ಲ ಕೂಡಿ ವಿಚಾರ ಮಾಡುವುದು ಒಳಿತು.

ಸ್ಪರ್ಧೆ ಕಠಿಣವಾಗಿದೆ, ನಿಜ. ೨೦೨೪ರಲ್ಲಿ ಜೆ.ಇ.ಇ. ಮೊದಲ ಪರೀಕ್ಷೆಯನ್ನು ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು. ಅವರನ್ನು ಜರಡಿ ಹಿಡಿದ ಮೇಲೆ ಕೊನೆಯ ಪರೀಕ್ಷೆಗೆ ಕುಳಿತವರು ಸುಮಾರು ೧ ಲಕ್ಷ ೮೦ ಸಾವಿರ. ದೇಶದ ೨೩ ಐ.ಐ.ಟಿ.ಗಳಲ್ಲಿದ್ದ ಸ್ಥಾನಗಳು ೧೭,೭೪೦ ಮಾತ್ರ. ಯಾವ ಮೀಸಲಾತಿಗೂ ಸೇರದ ಬಡವರಿಗೆಂದು ೨೦೧೯ರಲ್ಲಿ ಸಂವಿಧಾನದ ೧೦೩ನೆಯ ತಿದ್ದುಪಡಿ ಬಂದು, ಶೇಕಡಾ ೧೦ರಷ್ಟು ಸ್ಥಾನ ಪ್ರತ್ಯೇಕವಾಯಿತು. ಹಿಂದುಳಿದವರ ಕೇಂದ್ರ ಪಟ್ಟಿಯಲ್ಲಿಲ್ಲದ ನಮ್ಮ ಮನೆತನಗಳಿಗೆ ಸಂಬಂಧಿಸಿದ್ದು ಇದೇ. ಕುಟುಂಬದ ವಾರ್ಷಿಕ ಆದಾಯ ೮ ಲಕ್ಷ ರೂಪಾಯಿಯೊಳಗಿರಬೇಕು. ಸಾಗುವಳಿ ಜಮೀನು ೫ ಎಕರೆಗಿಂತ ಕಡಿಮೆ ಇರಬೇಕು.

ಆಸೆ ಹುಟ್ಟುವುದು ಇಲ್ಲಿಯೇ. ಎಂಟು ಎಕರೆ ಇದ್ದವರು ನಾಲ್ಕು ಎಕರೆಯನ್ನು ತಮ್ಮನ ಹೆಸರಿಗೆ ಹಚ್ಚುತ್ತಾರೆ. ಸೀಟು ಸಿಕ್ಕ ಮೇಲೆ ತಿರುಗಿ ಕೊಡಬೇಕೆಂದು ಬಾಯಿಮಾತಿನ ಕರಾರು. ಅಡತಿ ಅಂಗಡಿಯ ಆದಾಯ ಕಾಗದದ ಮೇಲೆ ಅರ್ಧವಾಗುತ್ತದೆ. ಅಣ್ಣತಮ್ಮಂದಿರು ನಿಜವಾಗಿ ಬೇರೆಯಾಗಿ ಹೊಲ ಹಂಚಿಕೊಂಡರೆ ಅದರಲ್ಲಿ ದೋಷವಿಲ್ಲ. ಅರ್ಜಿಗಾಗಿ ಬೇರೆಯಾಗಿ ಅರ್ಜಿ ಮುಗಿದೊಡನೆ ಒಂದಾಗುವುದು ಸುಳ್ಳು.

ಕಾನೂನು ಒರಟಾಗಿದೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಮಳೆಯನ್ನೇ ನಂಬಿದ ಆರು ಎಕರೆ ಜೋಳದ ಹೊಲಕ್ಕೂ ಕಾಲುವೆ ನೀರು ಹರಿಯುವ ನಾಲ್ಕು ಎಕರೆಗೂ ಇರುವ ಅಂತರ ಒಕ್ಕಲಿಗನಿಗೆ ಗೊತ್ತು. ಕಾನೂನು ಎಕರೆಯನ್ನಷ್ಟೇ ಎಣಿಸುತ್ತದೆ. ಇದನ್ನು ತಿದ್ದಿಸಲು ಮನವಿ ಕೊಡೋಣ, ಜನಪ್ರತಿನಿಧಿಗಳನ್ನು ಕೇಳೋಣ. ಆದರೆ ಸುಳ್ಳು ದಾಖಲೆಯಿಂದ ಕಾನೂನು ತಿದ್ದುವುದಿಲ್ಲ. ಅದರ ಭಾರ ಮತ್ತೊಬ್ಬ ಬಡವನ ಹೆಗಲಿಗೆ ಬೀಳುತ್ತದೆ, ಅಷ್ಟೆ.

"ನಮ್ಮ ಹುಡುಗ ಜಾಣನೇ ಇದ್ದಾನೆ. ನಾವು ಯಾರ ಗಂಟು ಕದ್ದೆವು?" ಎಂದು ಕೇಳುವವರುಂಟು. ಸ್ಥಾನಗಳು ಎಣಿಸಿ ಇಟ್ಟವು. ಒಬ್ಬನು ಸುಳ್ಳಿನಿಂದ ಒಳಗೆ ಹೋದರೆ ಪಟ್ಟಿಯ ಕೊನೆಯಲ್ಲಿದ್ದ ಒಬ್ಬರು ಹೊರಗುಳಿಯುತ್ತಾರೆ. ಅವಳು ಎರಡೆಕರೆ ಒಣಭೂಮಿಯ ರೈತನ ಮಗಳಿರಬಹುದು, ನಮ್ಮ ಊರಿನವಳೇ ಇರಬಹುದು. ತಕ್ಕಡಿಯ ತಳಕ್ಕೆ ಹುಣಸೆಹಣ್ಣು ಹಚ್ಚಿ ತೂಗುವವನಿಗೆ ಗಿರಾಕಿಯ ಮುಖವಾದರೂ ಎದುರಿಗಿರುತ್ತದೆ. ಇಲ್ಲಿ ಮೋಸ ಹೋದವರ ಮುಖ ಕಾಣುವುದಿಲ್ಲ. ಕಾಣದ್ದರಿಂದಲೇ ಇದು ಸಣ್ಣ ತಪ್ಪೆನಿಸುತ್ತದೆ.

"ಎಲ್ಲರೂ ಮಾಡುತ್ತಾರೆ" ಎಂಬುದು ಇನ್ನೊಂದು ಸಮಾಧಾನ. ಎಲ್ಲರ ತೂಕವೂ ಸುಳ್ಳಾದ ಪೇಟೆಗೆ ಮಾಲು ಬರುವುದು ನಿಲ್ಲುತ್ತದೆಂಬುದನ್ನು ವ್ಯಾಪಾರಸ್ಥರಿಗೆ ನಾವು ಹೇಳಬೇಕಾಗಿಲ್ಲ. ದಾಖಲೆಗೆ ಬೆಲೆ ಹೋದ ದಿನ ನಿಜವಾದ ಬಡವನ ದಾಖಲೆಯನ್ನೂ ಯಾರೂ ನಂಬುವುದಿಲ್ಲ.

"ಗಡಿಯಲ್ಲಿದ್ದ ನಮ್ಮನ್ನು ಆ ರಾಜ್ಯವೂ ಕೇಳುವುದಿಲ್ಲ, ಈ ರಾಜ್ಯವೂ ಕೇಳುವುದಿಲ್ಲ" ಎಂಬ ನೋವು ಸುಳ್ಳಲ್ಲ. ಆದರೆ ನಮಗೆ ನ್ಯಾಯವಾಗಿ ಇರುವುದನ್ನು ಮೊದಲು ಬಳಸಬೇಕು. ಕರ್ನಾಟಕದ ಸಿ.ಇ.ಟಿ. ಪ್ರವೇಶದಲ್ಲಿ ಗಡಿನಾಡ ಕನ್ನಡಿಗ ಮಕ್ಕಳಿಗೆ ಅವಕಾಶವುಂಟು. ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಮಗುವಿಗೆ ಮನೆಯಲ್ಲಿ ಕನ್ನಡ ಓದಲು, ಬರೆಯಲು ಕಲಿಸಿದ ತಂದೆತಾಯಿ ಈ ಹಕ್ಕನ್ನು ತಲೆಯೆತ್ತಿ ಕೇಳಬಹುದು. ಇದು ಯಾರಿಂದಲೂ ಕಸಿದುಕೊಂಡದ್ದಲ್ಲ.

ಆಯ್ದಕ್ಕಿ ಮಾರಯ್ಯನವರ ಪ್ರಸಂಗ ನಿಮಗೆ ತಿಳಿದದ್ದೇ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನವರು ಒಪ್ಪಲಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದರು. ಆ ಅಕ್ಕಿ ಕದ್ದದ್ದಲ್ಲ, ನೆಲದ ಮೇಲೆ ಬಿದ್ದದ್ದು. ಆದರೂ ಅಗತ್ಯಕ್ಕೆ ಮೀರಿದ್ದು ಇನ್ನೊಬ್ಬರ ಪಾಲೆಂಬ ಎಚ್ಚರ ಆ ಬಡ ತಾಯಿಗಿತ್ತು. ಸರ್ಟಿಫಿಕೇಟಿನ ಮಾತು ಬಂದಾಗ ನಮ್ಮ ಮನೆಗಳಲ್ಲಿಯೂ ಒಬ್ಬರಾದರೂ ಹೀಗೆ ಹೇಳುವವರು ಬೇಕು.

ಕೊನೆಗೆ ಮಗುವಿನ ಸಂಗತಿ. ದಾಖಲೆ ಮಾಡಿಸುವವನು ತಂದೆ. ಅರ್ಜಿಯ ಹೊಣೆ ಹೊರುವವನು ಮಗ. ಹದಿನೆಂಟರ ವಯಸ್ಸಿನಲ್ಲಿ, ತನ್ನ ಹೆಸರಿನಲ್ಲಿ ಅವನು ಲೋಕಕ್ಕೆ ಕೊಡುವ ಮೊದಲ ಮಾತು ಅದು. ಸುಳ್ಳು ಹೊರಬಿದ್ದರೆ ಪ್ರವೇಶವೇ ರದ್ದಾದೀತು. ಹೊರಬೀಳದಿದ್ದರೂ ಎರಡು ವರ್ಷ ದೀಪದ ಮುಂದೆ ಕುಳಿತು ಓದಿದ್ದರಲ್ಲಿ ತನ್ನ ಶ್ರಮವೆಷ್ಟು, ತಂದೆಯ ಕಾಗದವೆಷ್ಟು ಎಂಬ ಸಂದೇಹ ಅವನನ್ನು ಬಿಡದು. ದೊಡ್ಡ ವಿದ್ಯಾಲಯ ಸಿಗದಿದ್ದರೆ ಇನ್ನೊಂದು ಕಾಲೇಜಿದೆ, ಮರುವರ್ಷವೂ ಇದೆ. ತನ್ನ ದುಡಿಮೆಯ ಮೇಲಿನ ನಂಬಿಕೆ ಹೋದರೆ ಅದನ್ನು ಕಲಿಸುವ ಕಾಲೇಜು ಇಲ್ಲ.

ಆದ್ದರಿಂದ ಅರ್ಜಿ ತುಂಬುವ ದಿನ ತಂದೆ ಮಕ್ಕಳು ಜೊತೆಗೆ ಕುಳಿತುಕೊಳ್ಳಿರಿ. ಹೊಲ ಎಷ್ಟು, ಆದಾಯ ಎಷ್ಟು, ಇದ್ದದ್ದನ್ನು ಇದ್ದಂತೆ ಬರೆಯಿರಿ. ಬಂದ ಫಲ ಹೆಚ್ಚಿರಲಿ ಕಡಿಮೆಯಿರಲಿ, ಅದು ನಮ್ಮದಾಗಿರಲಿ.